ಸರ್ಕಾರಿ ಶಾಲೆಯ ತಾರಸಿ ಮತ್ತು ಸೌರವಿದ್ಯುತ್ತಿನ ಲೆಕ್ಕ

ಬೆಂಗಳೂರಿನ ಸರ್ಕಾರಿ ಶಾಲೆಗಳ ತಾರಸಿಯ ಮೇಲೆ ಸೋಲಾರ್ ಫಲಕಗಳನ್ನು ಹಾಕಬೇಕೆಂಬುದನ್ನು ನಾನು ಪೂರ್ಣ ಮನಸ್ಸಿನಿಂದ ಒಪ್ಪುತ್ತೇನೆ. ಮನೆಗಳಲ್ಲಿ ದೀಪ, ಟಿವಿಗಳ ಬಳಕೆ ಹೆಚ್ಚುವುದು ಸಂಜೆಯ ಮೇಲೆ. ಶಾಲೆಯಲ್ಲಾದರೋ ಬಿಸಿಲಿರುವ ಹೊತ್ತಿನಲ್ಲೇ ಫ್ಯಾನುಗಳು ತಿರುಗುತ್ತವೆ, ಕಂಪ್ಯೂಟರುಗಳು ನಡೆಯುತ್ತವೆ. ಆದರೆ ಫಲಕಗಳನ್ನು ನೋಡಿಕೊಳ್ಳುವವರು ಯಾರು, ಅದರಿಂದ ಉಳಿಯುವ ಹಣ ಯಾರಿಗೆ ಸೇರುತ್ತದೆ ಎಂಬುದು ತೀರ್ಮಾನವಾಗದಿದ್ದರೆ ಈ ಕೆಲಸ ಹೆಚ್ಚು ಕಾಲ ಬಾಳುವುದಿಲ್ಲ.

ಹತ್ತು ಕೊಠಡಿಗಳ ಒಂದು ಶಾಲೆಯನ್ನು ಊಹಿಸಿಕೊಳ್ಳೋಣ. ಕೊಠಡಿಗೆ ಎರಡು ಫ್ಯಾನು, ಎರಡು ಎಲ್‌ಇಡಿ ಟ್ಯೂಬ್‌ಲೈಟ್ ಎಂದಿಟ್ಟುಕೊಂಡರೆ, ಫ್ಯಾನುಗಳು ಹಳೆಯ 75 ವಾಟ್‌ನವಾದರೆ ಫ್ಯಾನು, ದೀಪ ಎರಡೂ ಸೇರಿ ದಿನದ ಆರು ಗಂಟೆಗೆ ಸುಮಾರು 11 ಯೂನಿಟ್ ಖರ್ಚಾಗುತ್ತದೆ. ಕಡಿಮೆ ವಿದ್ಯುತ್ತಿನಲ್ಲಿ ತಿರುಗುವ, ಸುಮಾರು 30 ವಾಟ್‌ನ ಬಿಎಲ್‌ಡಿಸಿ ಫ್ಯಾನುಗಳನ್ನು ಹಾಕಿದರೆ ಅದು 6 ಯೂನಿಟ್ಟಿಗೆ ಇಳಿಯುತ್ತದೆ. ನಮ್ಮ ಊರಿನ ಬಿಸಿಲಿಗೆ ಒಂದು ಕಿಲೋವಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ಅದಕ್ಕೆ ನೆರಳಿಲ್ಲದ ನೂರು ಚದರ ಅಡಿ ಜಾಗ ಸಾಕು. ಹಾಗಾಗಿ ಮೊದಲು ಫ್ಯಾನು ಬದಲಿಸಿ, ಆಮೇಲೆ ಫಲಕದ ಅಳತೆ ನಿರ್ಧರಿಸುವುದೇ ಸರಿ. ಬಿಸಿಲು ಪ್ರಖರವಾಗಿರುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಲೆಗೆ ರಜೆ ಇರುವುದರಿಂದ, ಆಗಿನ ವಿದ್ಯುತ್ತು ಬೆಸ್ಕಾಂ ಜಾಲಕ್ಕೆ ಹೋಗಿ ಲೆಕ್ಕಕ್ಕೆ ಸೇರುವಂತೆ ನೆಟ್ ಮೀಟರ್ ಇರಲೇಬೇಕು.

ತೊಡಕಿರುವುದು ಬೇರೆಡೆ. 2023ರ ರಾಜ್ಯೋತ್ಸವದಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸರ್ಕಾರಿ ಶಾಲಾ ಕಾಲೇಜುಗಳಿಗೆ ಉಚಿತ ವಿದ್ಯುತ್ ಘೋಷಿಸಿದರು. ಬಿಲ್ ಕಟ್ಟಲು ಪರದಾಡುತ್ತಿದ್ದ ಮುಖ್ಯ ಶಿಕ್ಷಕರಿಗೆ ಅದು ನಿಜವಾದ ನೆಮ್ಮದಿ. ನಾನು ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಬಿಲ್ಲಿನ ಭಾರ ಸರ್ಕಾರದ ಮೇಲಿರುವಾಗ ಸೌರವಿದ್ಯುತ್ತಿನ ಉಳಿತಾಯವೂ ಸರ್ಕಾರದ್ದೇ ಆಗುತ್ತದೆ. ಫಲಕದ ವಿದ್ಯುತ್ತನ್ನು ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್ ಕೆಟ್ಟು ತಿಂಗಳುಗಟ್ಟಲೆ ನಿಂತರೂ ಶಾಲೆಯ ಜೇಬಿಗೆ ಅದು ತಟ್ಟುವುದಿಲ್ಲ. ಜಾಲದ ಕರೆಂಟಿನಿಂದ ಫ್ಯಾನು ತಿರುಗುತ್ತಲೇ ಇರುತ್ತದೆ, ಯಾರಿಗೂ ಗೊತ್ತೇ ಆಗುವುದಿಲ್ಲ.

ಈ ನಗರದಲ್ಲಂತೂ ಗಮನ ತಪ್ಪಿದರೆ ನಷ್ಟ ಬೇಗ ಬರುತ್ತದೆ. ಎಲ್ಲೆಡೆ ಕಟ್ಟಡ ಕಾಮಗಾರಿಯ ಧೂಳು, ಪಾರಿವಾಳಗಳ ಹಿಕ್ಕೆ. ಪಕ್ಕದಲ್ಲಿ ನಾಲ್ಕಂತಸ್ತಿನ ಮನೆ ಎದ್ದರೆ ಅದರ ನೆರಳು ಬೇರೆ. ಒಂದು ಫಲಕದ ಮೇಲೆ ನೆರಳು ಬಿದ್ದರೂ ಅದರೊಡನೆ ಸಾಲಾಗಿ ಜೋಡಿಸಿದ ಫಲಕಗಳ ಉತ್ಪಾದನೆ ಕುಗ್ಗಬಹುದು. ಬ್ಯಾಟರಿಯಿಲ್ಲದ, ಜಾಲಕ್ಕೆ ಜೋಡಿಸಿದ ಸಾಮಾನ್ಯ ವ್ಯವಸ್ಥೆಯು ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ, ಏಕೆಂದರೆ ದುರಸ್ತಿಗೆ ಕಂಬ ಹತ್ತಿದ ಲೈನ್‌ಮನ್‌ನ ಜೀವರಕ್ಷಣೆಗಾಗಿ ಅದನ್ನು ಹಾಗೆಯೇ ರೂಪಿಸಿರುತ್ತಾರೆ. ಇದನ್ನು ಮೊದಲೇ ತಿಳಿಸದಿದ್ದರೆ ಶಿಕ್ಷಕರು ಸೋಲಾರ್ ಕೆಲಸಕ್ಕೆ ಬಾರದೆಂದು ತಿಳಿಯುವುದು ಸಹಜ.

ಆದ್ದರಿಂದ ಉಳಿತಾಯದಲ್ಲಿ ಒಂದು ಪಾಲು ಆಯಾ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಖಾತೆಗೇ ಬರಬೇಕು. ಮಕ್ಕಳು ಮೀಟರಿನ ಅಂಕಿಗಳನ್ನು ಬರೆದಿಟ್ಟರೆ ಗಣಿತದ ತರಗತಿಗೂ ಅನುಕೂಲ. ಉತ್ಪಾದನೆ ಇಳಿದಾಗ ಕರೆ ಮಾಡಬೇಕಾದ ಸಂಖ್ಯೆ ಆ ಮೀಟರಿನ ಪಕ್ಕದಲ್ಲೇ ಬರೆದಿರಲಿ. ಫಲಕಗಳು ಸಾಮಾನ್ಯವಾಗಿ 25 ವರ್ಷ ಬಾಳುತ್ತವೆ, ಇನ್ವರ್ಟರ್ ಅಷ್ಟು ಕಾಲ ಬಾರದು; ಅದನ್ನು ಬದಲಿಸುವ ಹಣವನ್ನು ಟೆಂಡರ್ ಕರೆಯುವ ದಿನವೇ ತೆಗೆದಿರಿಸಬೇಕು.