ನೀರ್ಚಾಲಿನ ಪೆಟ್ಟಿಗೆಯಲ್ಲಿದ್ದ 'ಲೈಕಾ'

ಮಂಗಳೂರು ಸೆಂಟ್ರಲ್‌ನಿಂದ ಬೆಳಗ್ಗಿನ ಲೋಕಲ್ ರೈಲು ಹತ್ತಿದೆ. ನೇತ್ರಾವತಿ ಸೇತುವೆ, ಉಳ್ಳಾಲ, ಮಂಜೇಶ್ವರ, ಉಪ್ಪಳ. ಕುಂಬಳೆಯಲ್ಲಿ ಇಳಿದೆ. ಚೀಲದಲ್ಲಿ ಭೂತಗನ್ನಡಿ, ಸಣ್ಣ ಟಾರ್ಚು, ಎರಡು ರೀಲು ಕಪ್ಪುಬಿಳುಪು ಫಿಲ್ಮು, ಒಂದು ಕತ್ತರಿ.

ಹಿಂದಿನ ವಾರ ನೀರ್ಚಾಲಿನ ಗೆಳೆಯ ಫೋನ್ ಮಾಡಿದ್ದ. "ಅಪ್ಪನ ಹಳೆ ಪೆಟ್ಟಿಗೆಯಲ್ಲಿ ಒಂದು ಲೈಕಾ ಕ್ಯಾಮೆರಾ ಉಂಟು ಮಾರಾಯ. ಮೇಲೆ ಹದ್ದಿನ ಗುರುತು. ಜರ್ಮನಿಯ ವಾಯುಪಡೆಯದ್ದಂತೆ. ಮಾರಿದ್ರೆ ಬೋರ್‌ವೆಲ್ಲಿನ ಖರ್ಚು ಆಗ್ತದೆ ಅಂತ ಅಂದಾಜು. ನೀನೊಮ್ಮೆ ಬಂದು ನೋಡು."

ಹದ್ದು ಅಂದ ಕೂಡಲೇ ನನಗೆ ಸಂಶಯ ಬಂದಿತ್ತು. ಆದರೆ ಫೋನಿನಲ್ಲಿ ಹೇಳಲು ಮನಸ್ಸಾಗಲಿಲ್ಲ. ಕೈಯಲ್ಲಿ ಹಿಡಿಯದೆ ಇಂಥ ಮಾತು ಹೇಳಬಾರದು.

ಕುಂಬಳೆಯಿಂದ ಬದಿಯಡ್ಕದ ಬಸ್ಸು. ನಾಯ್ಕಾಪು, ಸೀತಾಂಗೋಳಿ ದಾಟುವಾಗ ಹಿಂದಿನ ಸೀಟಿನಲ್ಲಿ ಮಲಯಾಳ, ಪಕ್ಕದಲ್ಲಿ ತುಳು, ಕಂಡಕ್ಟರ್ ನನ್ನ ಜೊತೆ ಕನ್ನಡ. 1956ರಲ್ಲಿ ಈ ಊರುಗಳು ಕೇರಳಕ್ಕೆ ಸೇರಿದವು. ಆದರೂ ಇಲ್ಲಿ ಕನ್ನಡ ಕೇಳಿದಾಗಲೆಲ್ಲ ನನಗೆ ಮನೆಗೆ ಬಂದ ಹಾಗೆ ಆಗುತ್ತದೆ.

ಅಂಗಳದ ತುಂಬ ಅಡಿಕೆ ಒಣಗಲು ಹಾಕಿದ್ದರು. ಗೆಳೆಯನ ಅಮ್ಮ ಬೆಲ್ಲ, ನೀರು ತಂದಿಟ್ಟರು. ಅವನ ಅಪ್ಪನನ್ನು ನಾನು ಮಾವ ಅಂತಲೇ ಕರೆಯುವುದು. ಮಾವ ಬಹಳ ವರ್ಷ ಶಾರ್ಜಾದಲ್ಲಿದ್ದವರು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಆ ಕಡೆಯ ವ್ಯಾಪಾರಿಗಳು ಗಲ್ಫಿಗೆ ಬರತೊಡಗಿದ್ದರು. ಅವರಲ್ಲೊಬ್ಬನ ಕೈಯಿಂದ ಒಂದು ತಿಂಗಳ ಸಂಬಳ ಕೊಟ್ಟು ತೆಗೆದುಕೊಂಡದ್ದಂತೆ.

ಮಾವ ಚರ್ಮದ ಕವಚ ಬಿಚ್ಚಿ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟರು. ಚಂದದ ಕ್ಯಾಮೆರಾ. ಮೇಲೆ ಲೈಕಾ ಅನ್ನುವ ಹೆಸರು, ಹದ್ದು, ಕೆಳಗೆ ನಂಬರು. ಭೂತಗನ್ನಡಿಯಲ್ಲಿ ನೋಡಿದರೆ ಹದ್ದಿನ ರೆಕ್ಕೆಯ ಗೆರೆಗಳು ಒಂದು ಆಳ, ಒಂದು ತೇಲು. ನಂಬರು ನಲವತ್ತು ಸಾವಿರದ ಆಸುಪಾಸು. ಲೈಕಾದ ಪಟ್ಟಿಯಲ್ಲಿ ಅದು 1930ರ ನಂಬರು. ಆದರೆ ಇದರಲ್ಲಿ ಫೋಕಸ್‌ಗೆ ದೂರ ಅಳೆಯುವ ಸಾಧನ, ರೇಂಜ್‌ಫೈಂಡರ್, ಒಳಗೇ ಇತ್ತು. ಕ್ಯಾಮೆರಾದೊಳಗೇ ರೇಂಜ್‌ಫೈಂಡರ್ ಇಟ್ಟ ಲೈಕಾ 2 ಬಂದದ್ದು 1932ರಲ್ಲಿ. ಹಾಗಂತ ಇಷ್ಟಕ್ಕೇ ನಕಲಿ ಅನ್ನುವ ಹಾಗಿಲ್ಲ. ಹಳೆ ಲೈಕಾವನ್ನು ಕಂಪನಿಗೆ ಕಳಿಸಿದರೆ ಅವರೇ ರೇಂಜ್‌ಫೈಂಡರ್ ಕೂರಿಸಿ ಕೊಡುತ್ತಿದ್ದರು, ನಂಬರು ಹಳೆಯದೇ ಉಳಿಯುತ್ತಿತ್ತು. ನಂಬರ್ ನೋಡಿ ತೀರ್ಪು ಕೊಡುವವರು ಇಲ್ಲೇ ಎಡವುತ್ತಾರೆ.

"ಲೆನ್ಸ್ ಬಿಚ್ಚಲಾ ಮಾವ?" ಅಂತ ಕೇಳಿದೆ. "ಬಿಚ್ಚು, ಬಿಚ್ಚು" ಅಂದರು.

ನನ್ನ ಮಟ್ಟಿಗೆ ಎಲ್ಲ ಗೊತ್ತಾಗುವುದು ಇಲ್ಲಿಯೇ. ಲೆನ್ಸ್ ತಿರುಗಿಸಿ ತೆಗೆದರೆ ಬಾಯಿಯ ಒಳಗೆ, ಮೇಲ್ಗಡೆ, ಒಂದು ಸಣ್ಣ ತೋಳು ಕಾಣುತ್ತದೆ. ಲೆನ್ಸ್ ಹಿಂದೆಮುಂದೆ ಹೋದ ಹಾಗೆ ಈ ತೋಳೂ ಸರಿಯುತ್ತದೆ, ಅದರಿಂದಲೇ ಕಿಂಡಿಯಲ್ಲಿ ಕಾಣುವ ಎರಡು ಬಿಂಬ ಒಂದಾಗುವುದು. ಲೈಕಾದಲ್ಲಿ ಆ ತೋಳಿನ ತುದಿಗೆ ದುಂಡಗಿನ ಪುಟ್ಟ ಗಾಲಿ ಇರುತ್ತದೆ. ಲೈಕಾವನ್ನು ನೋಡಿ ಮಾಡಿದ ಸೋವಿಯತ್ ಕ್ಯಾಮೆರಾಗಳಲ್ಲಿ ಗಾಲಿ ಇಲ್ಲ, ಬೆಣೆಯ ಹಾಗೆ ಓರೆಯಾದ ಗಟ್ಟಿ ತುದಿ. ಹೊರಗೆ ಏನು ಬೇಕಾದರೂ ಕೆತ್ತಬಹುದು. ಈ ತೋಳನ್ನು ಬದಲಿಸುವ ಗೋಜಿಗೆ ಹೋಗುವವರು ಕಡಿಮೆ.

ಟಾರ್ಚು ಬಿಟ್ಟೆ. ಬೆಣೆ.

ಲೆನ್ಸನ್ನೂ ನೋಡಿದೆ. ಮೇಲೆ ಲೈಕಾ ಲೆನ್ಸಿನ ಹೆಸರು, ಎಲ್ಮಾರ್ ಅಂತ. ನಿಜವಾದ 50 ಎಂಎಂ ಎಲ್ಮಾರ್‌ನಲ್ಲಿ ಬೆಳಕಿನ ಕಿಂಡಿಯ ಎಸಳುಗಳು ಮೊದಲ ಗಾಜಿನ ಬೆನ್ನಿಗೇ ಇರುತ್ತವೆ. ಇದರಲ್ಲಿ ಎರಡನೇ ಗಾಜಿನ ಹಿಂದೆ ಇದ್ದವು. ಅದು ಸೋವಿಯತ್ ಲೆನ್ಸ್ ಇಂಡಸ್ಟಾರ್‌ನ ಲಕ್ಷಣ.

ಗೆಳೆಯ ನನ್ನ ಮುಖವನ್ನೇ ನೋಡುತ್ತಿದ್ದ. "ಲೈಕಾ ಅಲ್ಲ ಮಾವ" ಅಂದೆ. ಸುಮ್ನೆ ಸುತ್ತಿ ಬಳಸಿ ಹೇಳುವುದು ನನಗೆ ಸರಿ ಕಾಣಲಿಲ್ಲ.

ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ, "ಹಾಗಾದ್ರೆ ಇದು ಎಂತ?" ಅಂತ ಕೇಳಿದರು.

ಆ ಪ್ರಶ್ನೆ ಕೇಳಿ ನನಗೆ ಖುಷಿಯಾಯಿತು. ಉಕ್ರೇನಿನ ಖಾರ್ಕಿವ್‌ನಲ್ಲಿ ದಿಕ್ಕಿಲ್ಲದ ಹುಡುಗರನ್ನು ಸಾಕಿ ಕೆಲಸ ಕಲಿಸುತ್ತಿದ್ದ ಒಂದು ಕಮ್ಯೂನ್ ಇತ್ತು. ಅವರು ಲೈಕಾ 2 ಅನ್ನು ಬಿಚ್ಚಿ ನೋಡಿ, ಅದೇ ಥರದ ಕ್ಯಾಮೆರಾವನ್ನು 1934ರಿಂದ ತಯಾರಿಸತೊಡಗಿದರು. ಹೆಸರು ಫೆಡ್. ಯುದ್ಧ ಮುಗಿದ ಮೇಲೆ, 1948ರಲ್ಲಿ, ಮಾಸ್ಕೋ ಹತ್ತಿರದ ಕ್ರಾಸ್ನೋಗೋರ್ಸ್ಕ್‌ನಿಂದ ಜೋರ್ಕಿ ಬಂತು. ಇವೆರಡೂ ತಮ್ಮ ಹೆಸರಲ್ಲೇ ಮಾರಾಟವಾದವು, ಯಾರಿಗೂ ಮೋಸ ಮಾಡಲಿಲ್ಲ. ಮೋಸ ಮಾಡಿದವರು ಆಮೇಲೆ ಆ ಹೆಸರನ್ನು ಉಜ್ಜಿ ತೆಗೆದು ಲೈಕಾ ಅಂತ ಕೆತ್ತಿದವರು. ಹದ್ದು, ವಾಯುಪಡೆ, ಬರ್ಲಿನ್ ಒಲಿಂಪಿಕ್ಸ್, ಚಿನ್ನದ ಬಣ್ಣ, ಎಲ್ಲ ಅವರ ಅಲಂಕಾರ. ಅಲಂಕಾರ ಜಾಸ್ತಿ ಇದ್ದಷ್ಟೂ ಸಂಶಯವೂ ಜಾಸ್ತಿ ಇರಲಿ.

"ಬೋರ್‌ವೆಲ್ ಆಗಲಿಕ್ಕಿಲ್ಲ ಅಲ್ವಾ?" ಅಂದ ಗೆಳೆಯ. ಇಲ್ಲ ಅಂದೆ. "ಕೇಳಿದವರಿಗೆ ಇದನ್ನೆಲ್ಲ ಹೇಳಬೇಕು ಅಂತ ಉಂಟಾ?" ಅಂತ ಅವನು ಕೇಳುವಷ್ಟರಲ್ಲಿ ಮಾವ ಎದ್ದು ಒಳಗೆ ಹೋದರು. ಪೆನ್ನು, ಒಂದು ಚೀಟಿ ತಂದರು. "ರಷ್ಯಾದ ಕ್ಯಾಮೆರಾ ಅಂತ ಬರೀಲಾ?"

"ಸೋವಿಯತ್ ಅಂತ ಬರೀರಿ ಮಾವ. ಫೆಡ್ ಆಗಿದ್ದರೆ ಅದು ಉಕ್ರೇನಿನದ್ದು."

'ಸೋವಿಯತ್ ಕ್ಯಾಮೆರಾ. ಲೈಕಾ ಅಲ್ಲ' ಅಂತ ದುಂಡಗಿನ ಅಕ್ಷರದಲ್ಲಿ ಬರೆದು, ಚೀಟಿಯನ್ನು ಕವಚದೊಳಗೆ ಇಟ್ಟರು. ಗೆಳೆಯ ಮತ್ತೆ ಏನೂ ಕೇಳಲಿಲ್ಲ.

ಕತ್ತರಿ ಹೊರಗೆ ತೆಗೆದೆ. ಈ ಕ್ಯಾಮೆರಾಗಳಿಗೆ ಫಿಲ್ಮು ಹಾಕುವುದು ತಳದಿಂದ. ಫಿಲ್ಮಿನ ನಾಲಗೆಯನ್ನು ಸುಮಾರು ಹತ್ತು ಸೆಂಟಿಮೀಟರ್ ಉದ್ದಕ್ಕೆ ತೆಳ್ಳಗೆ ಕತ್ತರಿಸದಿದ್ದರೆ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಶಟರ್ ಒತ್ತಿ ನೋಡಿದೆ. ಇಷ್ಟು ವರ್ಷ ಪೆಟ್ಟಿಗೆಯಲ್ಲಿದ್ದರೂ ಸದ್ದು ಚೊಕ್ಕವಾಗಿತ್ತು. ನೂರರ ಸ್ಪೀಡು, ಹನ್ನೊಂದರ ಅಪರ್ಚರ್ ಇಟ್ಟು ಮಾವನ ಕೈಗೆ ಕೊಟ್ಟೆ.

ಮಾವ ಕಿಂಡಿಗೆ ಕಣ್ಣಿಟ್ಟರು. ಅತ್ತೆ ಅಂಗಳದಲ್ಲಿ ಅಡಿಕೆ ಮಗುಚುತ್ತಿದ್ದರು. "ಎರಡೆರಡು ಕಾಣ್ತಾಳೆ" ಅಂದರು ಮಾವ. "ಲೆನ್ಸ್ ನಿಧಾನ ತಿರುಗಿಸಿ" ಅಂದೆ. ತಿರುಗಿಸಿದರು. "ಹಾಂ, ಈಗ ಒಬ್ಬಳೇ" ಅಂದು ಒತ್ತಿದರು.