ರೆಪ್ಪೆ ಊದಿದ್ದರೂ ಕೈ ಮೊದಲು ಹೋಗಬೇಕಾದ್ದು ಕಂಕುಳಿಗೆ

ಬಾಯಿ ಕ್ಯಾನ್ಸರಿಗೆ ಕತ್ತಿನ ದುಗ್ಧಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದು, ರೇಡಿಯೇಷನ್ ಮುಗಿದು, ರೆಪ್ಪೆ ಊದಿಸಿಕೊಂಡು ಬಂದ ರೋಗಿಯನ್ನು ಕಂಡರೆ ಹೊಸ ಫಿಸಿಯೋಥೆರಪಿಸ್ಟರ ಬೆರಳು ನೇರ ರೆಪ್ಪೆಗೇ ಹೋಗುತ್ತದೆ. ತಪ್ಪು ಶುರುವಾಗುವುದೇ ಅಲ್ಲಿ.

ರೆಪ್ಪೆಯ ಹೊರಬದಿಯ ದುಗ್ಧರಸ (ಲಿಂಫ್ ದ್ರವ) ಕಿವಿಯ ಮುಂದಿನ ಗ್ರಂಥಿಗಳಿಗೂ ಮೂಗಿನ ಬದಿಯದು ದವಡೆಯ ಕೆಳಗಿನವಕ್ಕೂ ಹರಿದು ಕತ್ತಿನಲ್ಲಿ ಇಳಿಯಬೇಕು. ಆ ದಾರಿ ಸರ್ಜರಿಯಲ್ಲಿ ಹೋಗಿದೆ, ಉಳಿದದ್ದು ರೇಡಿಯೇಷನ್ನಿಂದ ಗಟ್ಟಿಯಾಗಿದೆ. ಕೆಳಗೆ ಮೋರಿ ಕಟ್ಟಿರುವಾಗ ಮೇಲಿಂದ ನೀರು ದಬ್ಬಿದರೆ ಎಲ್ಲಿಗೆ ಹೋದೀತು? ರೆಪ್ಪೆಯ ಚರ್ಮ 1 ಮಿ.ಮೀ.ಗಿಂತ ತೆಳು, ಸಡಿಲ. ದ್ರವ ಸುಲಭವಾಗಿ ಅಲ್ಲೇ ತುಂಬಿಕೊಳ್ಳುತ್ತದೆ.

ಅದಕ್ಕೇ ಮಸಾಜಿನಲ್ಲಿ ಮೊದಲು ಕಂಕುಳಿನ ಗ್ರಂಥಿಗಳತ್ತ ಬೇರೆ ದಾರಿ ತೆರೆಯಬೇಕು. ಕ್ರಮ ಹೀಗೆ: ಹೊಟ್ಟೆಯುಬ್ಬಿಸಿ ಐದು ದೀರ್ಘ ಉಸಿರು. ನಂತರ ಎರಡೂ ಕಂಕುಳಲ್ಲಿ 10–15 ನಿಧಾನದ ಸುತ್ತು. ಆಮೇಲೆ ಹಿಂಗತ್ತಿನಿಂದ ಕಂಕುಳಿನ ಕಡೆಗೆ, ಅಂದರೆ ಗಾಯದ ಕಲೆಯನ್ನು ಮುಟ್ಟದೆ ಸುತ್ತುಹಾಕಿ. ಕಿವಿಯ ಮುಂದೆ, ಕೆನ್ನೆ, ಕೊನೆಗೆ ರೆಪ್ಪೆ: ಉಂಗುರದ ಬೆರಳಿನಿಂದ ಮೂಗಿನ ಕಡೆಯಿಂದ ಕಣತಲೆಯತ್ತ. ಕಣ್ಣುಗುಡ್ಡೆಯ ಮೇಲೆ ಭಾರ ಬೀಳಕೂಡದು. ಚರ್ಮ ಸರಿಯಬೇಕು, ಬೆರಳು ಜಾರಬಾರದು. ಅದಕ್ಕೇ ಎಣ್ಣೆ ಬೇಡ. ಮುಗಿಸುವಾಗ ಅದೇ ದಾರಿಯಲ್ಲಿ ಮತ್ತೆ ಕಂಕುಳಿನವರೆಗೆ. ಕತ್ತಿನ ಎರಡೂ ಬದಿಯನ್ನು ಒಟ್ಟಿಗೆ ಒತ್ತಬೇಡಿ, ಅಲ್ಲಿ ಮೆದುಳಿಗೆ ಹೋಗುವ ರಕ್ತನಾಳಗಳಿವೆ.

ಮನೆಯಲ್ಲಿ ಹರಳೆಣ್ಣೆ ಸವರಿ ಬಿಸಿ ಶಾಖ ಕೊಡುವವರು ಬಹಳ. ರೇಡಿಯೇಷನ್ ಆದ ಚರ್ಮಕ್ಕೆ ಸ್ಪರ್ಶ ಕಡಿಮೆ, ಸುಟ್ಟದ್ದೂ ಗೊತ್ತಾಗುವುದಿಲ್ಲ. ಶಾಖಕ್ಕೆ ಊತವೂ ಏರುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯೂ ಇಲ್ಲಿ ಉಪಯೋಗಕ್ಕಿಲ್ಲ: ನೀರು ಹೋದರೂ ಪ್ರೋಟೀನ್ ಅಲ್ಲೇ ಉಳಿದು ಮತ್ತೆ ನೀರೆಳೆಯುತ್ತದೆ. ಮಲಗುವಾಗ ತಲೆ ಎತ್ತರಿಸಲು ಎರಡು ದಿಂಬು ಇಟ್ಟರೆ ಕತ್ತು ಮಡಚುತ್ತದೆ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಇಟ್ಟಿಗೆ ಇಡಿಸುವುದು ಮೇಲು.

ಮಲಗಿ ಎದ್ದಾಗ ಊತ ಹೆಚ್ಚು, ಸಂಜೆಗೆ ಇಳಿಯುತ್ತದೆ. ಬೆಳಗಿನ ಫೋಟೋವನ್ನು ಸಂಜೆಯದಕ್ಕೆ ಹೋಲಿಸಿ ‘ಗುಣವಾಗಿದೆ’ ಎಂದು ಬರೆದ ಚಾರ್ಟಿಗೆ ಬೆಲೆಯಿಲ್ಲ. ಫೋಟೋ ದಿನವೂ ಒಂದೇ ಗಂಟೆಗೆ ತೆಗೆಯಿರಿ.

ಎಲ್ಲ ಊತವೂ ದುಗ್ಧರಸದ್ದಲ್ಲ. ಕತ್ತಿಗೆ ರೇಡಿಯೇಷನ್ ಆದವರಲ್ಲಿ ಥೈರಾಯ್ಡ್ ಕೆಲಸ ಕುಗ್ಗಿದರೂ ರೆಪ್ಪೆ ಊದುತ್ತದೆ. ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ಅನ್ನು 6–12 ತಿಂಗಳಿಗೊಮ್ಮೆ ನೋಡಿಸಬೇಕು. ಕೆಂಪು, ಬಿಸಿ, ಜ್ವರ ಇದ್ದರೆ ಕೈಯನ್ನೇ ಹಚ್ಚಬೇಡಿ, ಅದು ಸೋಂಕು. ಕಣ್ಣು ಆಡಿಸಿದರೆ ನೋವು, ಗುಡ್ಡೆ ಮುಂದೆ ಬಂದಿರುವುದು, ಎರಡೆರಡು ಕಾಣುವುದು, ದೃಷ್ಟಿ ಮಸುಕು: ಅದೇ ದಿನ ಕಣ್ಣಿನ ಡಾಕ್ಟರ ಬಳಿ ಕಳಿಸಿ. ಇಳಿದಿದ್ದ ಊತ ಹಠಾತ್ತಾಗಿ ಒಂದೇ ಬದಿಗೆ ಏರಿದರೆ ಕ್ಯಾನ್ಸರ್ ಮರಳಿದೆಯೇ ಎಂದು ಸರ್ಜನ್ ನೋಡುವ ತನಕ ಮಸಾಜ್ ನಿಲ್ಲಿಸಿ.