ಬದ್ಲಾಪುರದ ಚಗಟೆ ಸೊಪ್ಪು

ಮಳೆಗಾಲದಲ್ಲಿ ತಾನಾಗಿ ಹುಟ್ಟುವ ಚಗಟೆ ಸೊಪ್ಪನ್ನು ಹೂ ಬಿಡುವ ಮೊದಲೇ ಕೊಯ್ಯಬೇಕು. ಆಮೇಲೆ ಎಲೆ ಬಲಿತು ಕಹಿ ಜಾಸ್ತಿಯಾಗುತ್ತದೆ. ಅದಕ್ಕೇ ಮಳೆ ಹಿಡಿದ ಮೇಲೆ ದೊಡ್ಡಮ್ಮ ತಡಮಾಡುವುದಿಲ್ಲ. ಜುಲೈ ಮೊದಲ ಭಾನುವಾರ ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಕರ್ಜತ್ ಲೋಕಲ್ ರೈಲು ಹತ್ತಿದೆವು. ಬದ್ಲಾಪುರದಿಂದ ರಿಕ್ಷಾದಲ್ಲಿ ಕೊಂಡೇಶ್ವರ ದೇವಸ್ಥಾನದ ಕಡೆ ಹೋದೆವು.

ರಸ್ತೆ ಬದಿಯಲ್ಲೇ ಚಗಟೆ ಪೊದೆಪೊದೆಯಾಗಿ ಎದ್ದಿತ್ತು. ದೊಡ್ಡಮ್ಮ ಮುಟ್ಟಲಿಲ್ಲ. "ಗಾಡಿ ಹೊಗೆ, ಚರಂಡಿ ನೀರು ಕುಡಿದದ್ದು ನಮಗೆ ಬೇಡ ಮಾರಾಯ್ತಿ" ಅಂದು ಗುಡ್ಡದ ಬುಡಕ್ಕೆ ನಡೆದರು.

ಒಂದು ಕಡ್ಡಿಗೆ ಮೂರು ಜೊತೆ ಎಲೆ. ತುದಿ ಅಗಲ, ಬುಡ ಸಪೂರ. ಹಿಸುಕಿದರೆ ಗಾಟು ವಾಸನೆ. ಸಂಜೆಯಾದರೆ ಎಲೆ ಮಡಚಿಕೊಳ್ಳುತ್ತದೆ, ಹಾಗಾಗಿ ಬೆಳಿಗ್ಗೆಯೇ ಹೋಗುವುದು ಒಳ್ಳೆಯದು. ಗಿಡ ಕೀಳಬಾರದು. ತುದಿಯ ಚಿಗುರನ್ನಷ್ಟೇ ಉಗುರಲ್ಲಿ ಚಿವುಟಬೇಕು. ಪಕ್ಕದಿಂದ ಮತ್ತೆ ಚಿಗುರುತ್ತದೆ.

ಅಷ್ಟರಲ್ಲಿ ಅಲ್ಲಿನ ಠಾಕರ್ ಬುಡಕಟ್ಟಿನ ಒಬ್ಬರು ಮಾವ್ಶಿ (ಮರಾಠಿಯಲ್ಲಿ ಚಿಕ್ಕಮ್ಮ) ಬುಟ್ಟಿ ಹೊತ್ತು ಗುಡ್ಡ ಇಳಿದು ಬಂದರು. ಬುಟ್ಟಿ ತುಂಬ ಫೋಡ್ಶಿ ಅನ್ನುವ ಕಾಡುಸೊಪ್ಪು. ನೋಡಲು ಹುಲ್ಲಿನ ಹಾಗೆಯೇ ಇರುತ್ತದೆ. ಒಂದು ಎಳೆ ತೆಗೆದು ಬುಡದ ಬಿಳಿ ಭಾಗ ಮುರಿದು, ನಡುವಿನ ಗಟ್ಟಿ ದಂಟನ್ನು ಎಳೆದು ಬಿಸಾಡಿ ತೋರಿಸಿದರು. ದೊಡ್ಡಮ್ಮ ಎರಡು ಕಟ್ಟು ಕೊಂಡರು, ಚೌಕಾಸಿ ಮಾಡಲಿಲ್ಲ. ಮಳೆಯಲ್ಲಿ ಗುಡ್ಡ ಹತ್ತಿಳಿದು ಆಯ್ದು ತಂದವರ ಹತ್ತಿರ ಐದು ರೂಪಾಯಿಗೆ ಜಗ್ಗಾಡುವುದು ನ್ಯಾಯ ಅಲ್ಲ.

ಬಿದ್ದ ಮರದ ಮೇಲೆ ಬೆಳ್ಳಗೆ ಅಣಬೆ ಎದ್ದಿತ್ತು. ನನಗೆ ಆಸೆಯಾಯಿತು. ಹುತ್ತದ ಅಣಬೆ ಬಿಟ್ಟು ಬೇರೆಯದನ್ನು ದೊಡ್ಡಮ್ಮ ನಂಬುವುದಿಲ್ಲ. ಮಾವ್ಶಿಯನ್ನು ಕೇಳಿದರು. ಅವರು ಬೇಡ ಅಂತ ಕೈಯಾಡಿಸಿದರು. ಅಲ್ಲಿಗೆ ಮುಗಿಯಿತು. ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಗೆ ರಸ ತೆಗೆದು ಕುಡಿಯುವ ಹಾಲೆ ಮರದ ಕೆತ್ತೆ (ತೊಗಟೆ) ತರಲು ಕತ್ತಲಲ್ಲಿ ಹೋಗಿ, ವಿಷದ ಕಾಸರಕ ಮರದ ಕೆತ್ತೆ ತಂದು ಕುಡಿದು ಜೀವ ಕಳೆದುಕೊಂಡವರ ಸುದ್ದಿ ನಮ್ಮೂರ ಕಡೆ ಕೇಳಿದ್ದೇವೆ ಅಲ್ವಾ? ಕಾಡಿನದ್ದು ಅಂದ ಮಾತ್ರಕ್ಕೆ ಒಳ್ಳೆಯದೇ ಅಂತ ಅಲ್ಲ. ಫೋನಿನಲ್ಲಿ ಫೋಟೋ ನೋಡಿ ತಿನ್ನಬೇಡಿ. ಗೊತ್ತಿದ್ದವರು ಕೈಗೆ ಕೊಟ್ಟು ತೋರಿಸಬೇಕು.

ಮನೆಗೆ ಬಂದು ಚಗಟೆಯನ್ನು ಸಣ್ಣಗೆ ಹೆಚ್ಚಿ, ಊರಿಂದ ಬಂದ ಹಲಸಿನ ಬೀಜ ಜಜ್ಜಿ ಹಾಕಿ ಪಲ್ಯ ಮಾಡಿದೆವು. ಮೇಲೆ ಕಾಯಿತುರಿ, ಬೆಳ್ಳುಳ್ಳಿ ಒಗ್ಗರಣೆ. ಚೂರು ಕಹಿ ಇರುತ್ತದೆ, ಬೆಲ್ಲ ಹಾಕುವವರೂ ಇದ್ದಾರೆ. ನನಗೆ ಆ ಕಹಿಯೇ ಬೇಕು. ಫೋಡ್ಶಿಗೆ ಮಾವ್ಶಿ ಹೇಳಿದ ಹಾಗೆ ಈರುಳ್ಳಿ, ಕಡಲೆಹಿಟ್ಟು ಹಾಕಿ ಬಾಡಿಸಿದೆವು. ಮಕ್ಕಳು ಮೊದಲು ಖಾಲಿ ಮಾಡಿದ್ದು ಅದನ್ನೇ.